ಅನುಬಂಧ ನಾಲ್ಕು

ಕೋರ್ಟಿನ ಕಂಪೌಂಡಿಗೆ ಬೆನ್ನು ಹಚ್ಚಿ ನಿಂತದ ನನ್ನ ಅಂಗಡಿ.
ಅಂಗಡಿ ಅಂದ್ರ ಒಂದು ಶಟರು, ಒಂದು ಸ್ಟೂಲು, ಒಂದು ಝೆರಾಕ್ಸ್ ಮಷೀನು.
ಹನ್ನೊಂದು ವರ್ಷ ಕಲಬುರಗಿಯ ತಂಟೆ ತಕರಾರೆಲ್ಲಾ
ಈ ಗಾಜಿನ ಮ್ಯಾಲೆ ಬೋರಲು ಮಲಗಿ
ಬೆಳಕು ಹೊಡಿಸಿಕೊಂಡು ಎದ್ದು ಹೋಗ್ಯಾವ.
ಪಾಲುಪಟ್ಟಿ, ಪಹಣಿ, ತಲಾಖ್‌ನಾಮಾ, ಚೆಕ್ ಬೌನ್ಸು,
ಯಾವುದನ್ನೂ ಓದಿಲ್ಲ ನಾ.
ಓದಿದ್ರ ಕೈ ನಿಧಾನ ಆಗ್ತದ.

ಯುಗಾದಿ ಮುಂದ ಮಷೀನು ಕೆಮ್ಮಲಿಕ್ಕೆ ಹತ್ತಿತು.
ಸೂಪರ್ ಮಾರ್ಕೆಟಿನ ದೇವಿಂದ್ರ ಬಂದ,
ಬಿಚ್ಚಿದ ಸ್ಕ್ರೂ ತುಟಿಯಾಗ ಕಚ್ಚಿಕೊಂಡೇ ಅಂದ:
'ಡ್ರಮ್ ಹೋಗ್ಯಾದಕ್ಕಾ. ಹೊಸಾದು ಹಾಕ್ತೀನಿ. ನಾಕು ಸಾವಿರದ ಎಂಟುನೂರು.
ಆರು ತಿಂಗಳು ಹೊಳ್ಳಿ ನೋಡಬ್ಯಾಡ.'
ಸಂಘದ ಕಂತಿಗಂತ ತೆಗೆದಿಟ್ಟದ್ದೇ ಕೊಟ್ಟೆ.
ರಸೀದಿ ಅಂದೆ. ನಕ್ಕ.
ರದ್ದಿಯೊಳಗಿನ ಒಂದು ಹಾಳಿ ಎಳದು
ಬೆನ್ನಿಗೆ ಬರದ: ಡ್ರಮ್ ಹೊಸಾದು, 4800, ದೇವಿಂದ್ರ.
ಹೊಟ್ಟೀ ಕಡೆ ಯಾರದೋ ಆದಾಯ ಪ್ರಮಾಣಪತ್ರ.

ಒಂಬತ್ತನೇ ದಿನ ಗೆರೆ ಬಂತು.
ಎಡಕ್ಕ ನಾಕು ಬೆರಳು ಬಿಟ್ಟು, ಮ್ಯಾಲಿಂದ ಕೆಳತನಕ
ಕಾಡಿಗಿ ಕಡ್ಡಿ ಎಳದಂಗ.
ಒಬ್ಬ ಹುಡುಗನ ಹಾಲ್ ಟಿಕೆಟಿನ ಮೂಗು ಸೀಳಿತು,
ಒಂದು ಉಯಿಲಿನಾಗ ಹಿರೇಮಗನ ಹೆಸರೇ ನುಂಗಿತು.
ವಕೀಲರ ಗುಮಾಸ್ತರು ಮೊದಲು ಬೈದರು,
ಆಮ್ಯಾಲೆ ಬೈಯೋದು ಬಿಟ್ಟರು,
ಆಮ್ಯಾಲೆ ಬರೋದು ಬಿಟ್ಟರು.

ಫೋನು ಮಾಡಿದೆ. 'ಜೇವರ್ಗಿಯಾಗ ಇದ್ದೀನಕ್ಕಾ' ಅಂದ,
ಮಾರನೇ ದಿನ 'ಆಳಂದದಾಗ.'
ಅವನ ಬೆನ್ನ ಹಿಂದ ಸೂಪರ್ ಮಾರ್ಕೆಟಿನ ಬಾಳೆಹಣ್ಣಿನವ
ಡಜನ್ನಿನ ರೇಟು ಕೂಗತಿದ್ದ.
ಒಮ್ಮೆ 'ನಿಮ್ಮ ಕರೆಂಟು ಸರಿ ಇಲ್ಲ' ಅಂದ,
ಕಡೀಕ 'ನಿಮ್ಮ ಕಾಗದ ಹಸಿ ಅದ.'
ಮೇ ತಿಂಗಳ ಕಲಬುರಗಿಯಾಗ ಹಸಿ ಕಾಗದ!
ಇಲ್ಲಿ ಬಾಯಾಗಿನ ಉಗುಳೇ ನಿಲ್ಲಲ್ಲ.

ಬೇವಿನ ಗಿಡದ ಕೆಳಗ ಟೈಪು ಹೊಡಿಯೋ ಕಲ್ಯಾಣಪ್ಪ
ಕನ್ನಡಕ ಹಣಿಗೇರಿಸಿ ಅಂದ:
'ಇದಕ್ಕೊಂದು ಹೆಸರದ ತಂಗಿ, ಸೇವಾ ನ್ಯೂನತೆ.'
ಸಾವಿರ ಸಲ ಬೆಳಕಿಗೆ ಹಿಡಿದ ಶಬ್ದ.
ಇವತ್ತೇ ಕಂಡೆ.
'ಹೊಟ್ಟೆಪಾಡಿಗೆ ಇಟ್ಟ ಮಷೀನು ಅಂತ ಬರೀಬೇಕು,
ಇಲ್ಲಾಂದ್ರ ನೀ ವ್ಯಾಪಾರಸ್ಥಳು, ಗ್ರಾಹಕಳೇ ಅಲ್ಲ ಅಂತ ಎದ್ದು ನಿಲ್ತಾರ.'
ಬರೀ ಅಂದೆ.
ಹೊಟ್ಟೆಪಾಡಿಗೆ ಅಂತ ಪ್ರಮಾಣ ಮಾಡೋವಾಗ
ಯಾಕೋ ನಾಚಿಕಿ ಬಂತು.
ನೋಟೀಸು ಹೋಗಿ ಹೊಳ್ಳಿ ಬಂತು: 'ಮನಿ ಕೀಲಿ.'

ಇನ್ನ ಪ್ರತಿ ತೆಗಸಬೇಕು, ಮೂರು ಸೆಟ್ಟು.
ನನ್ನ ಮಷೀನಿನಾಗ ನನ್ನ ದೂರು ಬರಲ್ಲ.
ರಸ್ತೆ ದಾಟಿದೆ.
ಎದುರಂಗಡಿ ಖುರ್ಷೀದ್ ಆಪಾ,
ಹನ್ನೊಂದು ವರ್ಷದಿಂದ ನನ್ನ ಗಿರಾಕಿ ಕಸಕೊಂಡಾಕಿ,
ಹಾಳಿ ಹಾಳಿ ನಿಲ್ಲಿಸಿ ಓದಿದಳು. ಅಲ್ಲಿಗಿಲ್ಲಿಗೆ ಅಲ್ಲ, ಪೂರಾ ಓದಿದಳು.
ಓದಿ, ಮಷೀನಿನ ಸದ್ದಿನೊಳಗ ಸಣ್ಣಗ ಅಂದಳು:
'ಹೋದ ವರ್ಷ ನನಗೂ ಹಾಕ್ಯಾನ ಟೋಪಿ.
ಯಾರಿಗೂ ಹೇಳಿಲ್ಲ ನಾ.'
ನಲವತ್ತೆರಡು ಹಾಳಿ, ಎಂಬತ್ನಾಕು ರೂಪಾಯಿ,
ಒಂದು ರೂಪಾಯಿ ಬಿಡಲಿಲ್ಲ.
ಕೇಳೋಕಿಂತ ಮೊದಲೇ ರಸೀದಿ ಹರದು ಕೊಟ್ಟಳು.

ಗ್ರಾಹಕರ ಆಯೋಗದ ಕಿಟಕಿಯಾಗ
ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದ ಗುಮಾಸ್ತ
ಒಂದು ಕಡೆ ನಿಂತ.
'ಏನಮ್ಮಾ, ಝೆರಾಕ್ಸ್ ಅಂಗಡಿಯಾಕಿ ನೀ,
ಇಂಥಾ ಕೆಟ್ಟ ನಕಲು ಹಚ್ಚೀದಿ? ಗೆರೆ ಬಂದದ ನೋಡು. ಬ್ಯಾರೆ ತಾ.'
ಅದು ನಕಲಲ್ರಿ ಸಾಹೇಬ್ರ, ಅಂದೆ,
ಅದು ಅನುಬಂಧ ನಾಲ್ಕು.
ನೋಡಿದ. ಓದಿದ. ಮತ್ತ ನೋಡಿದ.
ಶಿಕ್ಕಾ ಎತ್ತಿ ಹೊಡೆದ.
ತಾರೀಖು ಸೀದಾ ಗೆರೆಯ ಮ್ಯಾಲೇ ಬಿದ್ದು ಕಾಣದಾತು.
'ಥೋ' ಅಂದು ಬಾಜೂಕ ಇನ್ನೊಂದು ಹೊಡೆದ.