ಷರಾ

ಕುಂದ್ರು ಫರ್ಜಾನಾ, ಆ ಫ್ಯಾನಿನ ಕೆಳಗ ಬ್ಯಾಡ,
ಕಾಗದ ಹಾರತಾವ.
ಮೊದಲ ದಿನ ಎಲ್ಲಾರೂ ಕೇಳೋದು ಅದನ್ನ:
ವರದಿ ಹೆಂಗ ಬರೀಬೇಕ್ರೀ ಅಕ್ಕಾ?

ಮ್ಯಾಲ ವಿಷಯ, ಅದರ ಕೆಳಗ ಉಲ್ಲೇಖ,
ಎಡಕ್ಕ ಎರಡು ಬಟ್ಟು ಜಾಗ ಬಿಡು, ದಾರ ಪೋಣಿಸಾಕ.
‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಸುರು ಮಾಡಿದ್ರ
ಕೈ ತಾನ ನಡೀತದ,
ಗಾಣದೆತ್ತು ನಡದಂಗ.

ದಿನದ ವರದಿ ಅಂದ್ರ ಬರೇ ಅಂಕಿ.
ಮುಂಜಾನೆ ಕಾಲುವಿ ಮ್ಯಾಲಿಂದ ಫೋನು ಬರ್ತದ:
ಗೇಜು ನಾಕಡಿ ಎರಡಿಂಚು.
ಬರಕೋ. ಇಡು.
ವಾರದ್ದಂದ್ರ ಅಂಥಾ ಏಳು ಅಂಕಿ ಒಂದು ಸಾಲಿನಾಗ.
ತಿಂಗಳದ್ದು ಪ್ರಗತಿ ವರದಿ,
ಅದರಾಗ ನೀರು ಇಳಿದ್ರೂ ಪ್ರಗತಿ ಏರಲೇಬೇಕು,
ನಗಬ್ಯಾಡ, ಖರೇನ ಹೇಳ್ತೀನಿ.
ಏನೂ ಆಗದ ದಿನಕ್ಕೂ ಒಂದದ: ಶೂನ್ಯ ವರದಿ.
ಏನೂ ಇಲ್ಲ ಅಂತ ರಾಯಚೂರಿಗೆ ಮೂರು ಪ್ರತಿ,
ಸಹಿ ಹಾಕಿ, ಸೀಲು ಒತ್ತಿ.

ಈಗ ಆ ಕಪಾಟಿನ ಕೆಳಗಿನ ಖಣದಾಗಿಂದ
ಕೆಂಪು ದಾರದ ಕಡತ ತಗಿ.
ಆಚಿ ವರ್ಷ, ನಾಟಿ ಹೊತ್ತಿನಾಗ,
ನಮ್ಮ ಉಪಕಾಲುವಿ ಏರಿ ಒಡೀತು, ರಾತ್ರಿ ಎರಡಕ್ಕ.
ಒಂದ ನೀರು. ಎಷ್ಟು ಮಂದಿ ಬರದಾರ ಎಣಸು.

ಪೇಪರಿನಾಂವ ಬರದ: ಅಪಾರ ಹಾನಿ.
ಅಪಾರ ಅಂದ್ರ ಎಷ್ಟು ಅಂತ ತಹಶೀಲ್ದಾರ ಕಚೇರಿ ಕೇಳ್ತು,
ತಲಾಟಿ ಕೆಸರಾಗ ಸರಪಳಿ ಎಳದು ಹೇಳಿದ:
ಮೂವತ್ತೆಂಟು ಎಕರೆ ಹನ್ನೆರಡು ಗುಂಟೆ.
ಸಾಲಿ ಹೆಡ್‌ಮಾಸ್ತರು: ಬಿಸಿಯೂಟದ ಅಕ್ಕಿ ನಾಲ್ಕು ಚೀಲ ತೊಯ್ದಿರುತ್ತದೆ.
ದನದ ಡಾಕ್ಟರು: ಎಮ್ಮೆ ಒಂದು, ವಯಸ್ಸು ಅಂದಾಜು ಆರು, ಗಬ್ಬ.
ಎರಡು ಜೀವ, ಕ್ರಮಸಂಖ್ಯೆ ಒಂದ.
ಪೊಲೀಸರ ಪಂಚನಾಮೆದಾಗ ಐದು ಹೆಬ್ಬಟ್ಟು,
ಅದರಾಗ ಒಂದು ಆ ಎಮ್ಮಿ ಧಣಿದು,
ಗೆರಿ ಎಲ್ಲಾ ಕಲಸ್ಯಾವ, ಕೈ ನಡುಗಿರಬೇಕು.
ಎಲ್ಲಾ ಖರೇನ. ಯಾವದೂ ಸುಳ್ಳಲ್ಲ.

ಕಡೀಕ ವಿಚಾರಣಾ ವರದಿ. ಅದು ನಾ ಟೈಪ್ ಮಾಡಿದ್ದು.
ಓದು, ಜೋರಾಗಿ:
‘ಸದರಿ ಸ್ಥಳದಲ್ಲಿ ನೀರು ಜಿನುಗುತ್ತಿದ್ದುದು
ಕಚೇರಿಯ ಗಮನಕ್ಕೆ ತರಲಾಗಿರುವುದಿಲ್ಲ.
ಏಡಿ ಕೊರೆದ ಬಿಲಗಳಿಂದ ಏರಿ ಕುಸಿದಿರಬಹುದೆಂದು
ಅಭಿಪ್ರಾಯಪಡಲಾಗಿದೆ.’
ಯಾರು ತರಲಿಲ್ಲ? ಯಾರು ಪಟ್ಟರು ಅಭಿಪ್ರಾಯ?
ಈ ‘ಲಾಗಿದೆ’ ಅನ್ನೋದು ಬಾಳ ಶಾಣ್ಯಾ ಮಾತು, ತಂಗಿ,
ಕೆಲಸ ಆಗಿರ್ತದ, ಮಾಡಿದಾಂವ ಇರಂಗಿಲ್ಲ.
ಅಷ್ಟು ಹಾಳಿಯೊಳಗ ಹೆಸರು ಹಿಡದು ಕರದದ್ದು ಇಬ್ಬರನ್ನ:
ಒಂದು ಏಡಿ,
ಇನ್ನೊಬ್ಬ ಗೇಜ್ ರೀಡರ್ ಹುಸೇನಪ್ಪ, ದಿನಗೂಲಿ, ಕರ್ತವ್ಯಲೋಪ.

ಅವನ ಗೇಜು ಪುಸ್ತಕ ನೋಡು, ಹಳದಿ ರಟ್ಟಿಂದು.
ಕಡೀ ಕಾಲಮ್ಮು. ಷರಾ.
‘ಬೇವಿನ ಗಿಡದ ಹತ್ರ ಏರಿ ಹಸಿ.’
ಮರುದಿನ, ‘ಹಸಿ ಹೆಚ್ಚು.’
‘ಹಸಿಯಾಗ ಕಪ್ಪಿ ಕುಂತಾವ.’
‘ನೀರು ರಾಡಿ ಬರ್ತದ, ಸಾಹೇಬ್ರು ಬರಬೇಕು.’
ಹನ್ನೊಂದು ದಿನ, ಪೆನ್ಸಿಲ್ಲಿನಾಗ.
ಫೋನಿನಾಗ ಹೇಳಾಕ ಬಂದ್ರ ನಾನ ಅಂದಿದ್ದೆ:
ಅಂಕಿ ಅಷ್ಟ ಹೇಳಪಾ, ಇನ್ನೂ ಏಳು ಗೇಜು ಬರೋವದಾವ.
ಮ್ಯಾಲಿನೋರಿಗೆ ಕಳಸೋ ನಮೂನೆದಾಗ
ಷರಾ ಕಾಲಮ್ಮ ಇರಲಿಲ್ಲ.
ಇರಲಿಲ್ಲ ಅಂತ ನಾ ಗೆರಿ ಎಳೀಲಿಲ್ಲ.
ಸ್ಕೇಲು ಇಲ್ಲೇ ಇತ್ತು, ಈ ಡ್ರಾದಾಗ.
ಹನ್ನೊಂದು ದಿನ ಶೂನ್ಯ ವರದಿ. ನೋಡು, ಸಹಿ ನಂದು.

ಅಂವ ಈಗ ಕ್ಯಾಂಪಿನಾಗ ಭತ್ತದ ಗೋದಾಮು ಕಾಯ್ತಾನ.
ಸಿಂಧನೂರ ಸಂತ್ಯಾಗ ಸಿಕ್ರ ನಮಸ್ಕಾರ ಅಂತಾನ,
ಚಾ ಕುಡೀರಿ ಅಕ್ಕೋರ ಅಂತಾನ.
ಅದಕ್ಕ ಯಾವ ನಮೂನೆದಾಗ ಉತ್ತರ ಬರೀಬೇಕು
ನನಗ ಯಾರೂ ಕಲಿಸಿಲ್ಲ.

ಫೋನು ಬಂತು. ನೀನ ಎತ್ತು.
ಗೇಜು ಕೇಳು, ಬರಕೋ.
ಆಮ್ಯಾಲ, ಮತ್ತೇನರ ಅದ ಏನ್ರೀ ಅಂತ ಕೇಳು.
ಆ ಕಡಿಯಿಂದ ತುಸು ಹೊತ್ತು ಗಾಳಿ ಸಪ್ಪಳ ಬರ್ತದ,
ನೀರಿನ ಸಪ್ಪಳ ಬರ್ತದ.
ಇಡಬ್ಯಾಡ.