ಒಂದೇ ಎಳಿ

ಮೂವತ್ತೊಂದು ವರ್ಷ ಟವೆಲ್ ನೇಯ್ದವ ನಾನು.
ಹಾಸು ಒಂದು, ಹೊಕ್ಕು ಒಂದು,
ಎರಡೂ ಕೂಡಿದರ ಅರಿವಿ, ಇಷ್ಟು ಗೊತ್ತು.
ಮಗ್ಗದ ಪಟ್ಟಾ ಹರದು ಎಡಗೈ ಮ್ಯಾಲ ಬಿದ್ದಾಗ
ಎರಡು ಬೆರಳು ಸೆಟದು ಕಟಗಿ ಆದವು.
ಸಿವಿಲ್ ಆಸ್ಪತ್ರಿ ಬಾಯಿ ಅಂದ್ಲು:
ಬೆರಳಿಗಿ ಕೆಲಸ ಕೊಡ್ರಿ ಕಾಕಾ,
ಭಾರ ಅಲ್ಲ, ಕೆಲಸ.

ಅದಕ್ಕ ಸೊಲ್ಲಾಪುರದ ಪೂರ್ವ ಭಾಗದಾಗ
ಮಧ್ಯಾಹ್ನ ಮೂರಕ್ಕ, ವನಜಕ್ಕನ ಕಟ್ಟಿ ಮ್ಯಾಲ ಕುಂತೀನಿ.
ಅಕಿ ಮೊರದಾಗ ಬೀಡಿ ಎಲಿ, ತಂಬಾಕು.
ನನ್ನ ತೊಡಿ ಮ್ಯಾಲ ಸೈಕಲ್ಲಿನ ಎರಡು ಕಡ್ಡಿ,
ತುದಿ ಕಲ್ಲಿಗಿ ತಿಕ್ಕಿ ಮೊಂಡ ಮಾಡಿದ್ದು;
ಮಂಗಳವಾರದ ಬಾಜಾರದಾಗ ನಲವತ್ತು ರೂಪಾಯಿಗಿ ತಂದ
ಯಾರೋ ಹಾಕ್ಕೊಂಡು ಬಿಟ್ಟ ಸ್ವೆಟರ್.
ಬಿಚ್ಚೋದೇ ಮೊದಲ ಪಾಠ.
ಉಣ್ಣಿ ಸುರುಳಿ ಸುರುಳಿ ಬಂತು,
ಹಳೇ ಮೈಯ ನೆನಪು ಬಿಡವಲ್ದು.
ನೀರಾಗ ಅದ್ದಿ, ತಂಬಿಗಿ ಕಟ್ಟಿ
ಎರಡು ದಿನ ಹಗ್ಗಕ್ಕ ತೂಗಿ ಹಾಕಿದ್ವಿ.

ಈ ಬಿಸಲಾಗ ಉಣ್ಣಿ ಯಾರಿಗಿಪಾ ರೇವಣಪ್ಪ?
ಹಾದು ಹೋಗೋ ಜಾಬರ್ ಮಡಿವಾಳಯ್ಯ ನಕ್ಕ.
ಮೊಲಕ್ಕ, ಅಂದೆ.

ಇಪ್ಪತ್ನಾಕು ಕುಣಿಕಿ ಏರಿಸು, ಅಂದ್ಲು.
ಏರಿಸಿದೆ. ಎಣಿಸಿದರ ಇಪ್ಪತ್ತಾರು.
ಅಕಿ ಬೀಡಿ ಎಣಸತಾಳ ತೆಲುಗಿನಾಗ,
ನಾನು ಕನ್ನಡದಾಗ,
ಓಣಿ ಹುಡುಗರು ಗೋಲಿ ಎಣಸತಾವ ಮರಾಠಿಯಾಗ.
ಇರವೈ, ಇಪ್ಪತ್ತೊಂದು, ಬಾವೀಸ,
ಮೂರೂ ಒಂದರಾಗೊಂದು ಹೊಕ್ಕು
ನನ್ನ ಲೆಕ್ಕ ನುಂಗಿದವು.

ಬರೇ ಸುಲಟ ಹಾಕು,
ಉಲಟ ಮುಂದ ಯಾವಾಗರ ಕಲಸ್ತೀನಿ.
ಕಡ್ಡಿ ತೂರು, ಎಳಿ ಸುತ್ತು, ಎಳಿ, ಬಿಡು.

ನನಗ ತಿಳೀಲಾರದ್ದು ಒಂದೇ:
ಹಾಸು ಎಲ್ಲಿ?
ಯಾವುದಕ್ಕ ಬಿಗದು ಕಟ್ಟೀವಿ ಇದನ್ನ?
ಒಂದೇ ಎಳಿ, ತನ್ನ ಕೊರಳಾಗ ತಾನೇ ತೂರಿ
ತನ್ನ ಭಾರ ತಾನೇ ಹಿಡದು ನಿಂತದ.
ಮಗ್ಗದಾಗ ಎಳಿ ಹರದರ ಒಂದು ಎಳಿ ಹೋತು, ಗಂಟು ಹಾಕು, ನಡಿ.
ಇಲ್ಲಿ ಒಂದು ಕುಣಿಕಿ ಜಾರಿದರ
ಏಣಿ ಇಳದಂಗ ತಳದ ತನಕ ಇಳೀತದ.
ನಾಕು ಸಲ ಇಳೀತು.
ನಾಕನೇದಕ್ಕ ಬೈದೆ, ಯಾರಿಗಿ ಅಂತ ಗೊತ್ತಿಲ್ಲ.
ವನಜಕ್ಕ ಬೀಡಿ ಕೆಳಗಿಟ್ಟು
ತುರುಬಿನ ಪಿನ್ನು ತಗದು
ಒಂದೊಂದ ಮೆಟ್ಟಲಾ ಎತ್ತಿ ತಂದ್ಲು.

ಹದಿನೇಳು ದಿನಕ್ಕ ಒಂದು ಚೌಕ.
ಮೂಲಿಗಿ ಮೂಲಿ ಮಡಚಿ ನೋಡಿದೆ, ಸರಿ ಅದ.
ಆದರ ಇದು ಮೊಲ ಅಲ್ಲ,
ಒಲಿ ಮ್ಯಾಲಿಂದ ಪಾತೇಲಿ ಇಳಸೋ ಅರಿವಿ.
ತಡಿ, ಅಂದ್ಲು.
ಸೂಜಿ ತಗೊಂಡು ನಡುವ ಒಂದು ಗೆರಿ,
ಗೆರಿಯ ಎರಡೂ ತುದಿಯಿಂದ ಮ್ಯಾಲಿನ ಅಂಚಿನ ನಡಕ್ಕ
ಗುಡಸಲ ಮಾಡಿನಂಗ ಏರಿದ ಹೊಲಿಗಿ.
ದಾರ ನನ್ನ ಕೈಯಾಗ ಕೊಟ್ಟಳು: ಎಳಿ.

ಎಳದೆ.
ಚೌಕ ನೆರಿಗಿಗಟ್ಟಿ, ಮುದ್ದಿ ಆಗಿ,
ಇದ್ದಕ್ಕಿದ್ದಂಗ ಎರಡು ಕಿವಿ ನಿಮಿರಿ
ನನ್ನ ಮಾತು ಕೇಳಾಕ ಕುಂತವು.
ಮೂವತ್ತೊಂದು ವರ್ಷದಾಗ ಯಾವ ಟವೆಲ್ಲೂ
ಹಿಂಗ ನನ್ನ ಕಡಿ ತಿರುಗಿದ್ದಿಲ್ಲ.

ಹೊಟ್ಟಿಗಿ ಏನ ತುಂಬೋದು?
ಕಾರಖಾನಿಗಿ ಹೋಗಿ ಮಗ್ಗದ ಬುಡದಾಗಿನ
ನೂಲಿನ ಬೂರು ಬಾಚಿ ತಂದೆ,
ಮೂರು ನೀರಾಗ ತೊಳದು ಒಣಗಿಸಿದೆ.
ರಾತ್ರಿ ನನ್ನ ಕೆಮ್ಮಸೋದು ಇದೇ.
ಎದಿಯಾಗ ಕುಂತಿದ್ದು ಹೊರಗ ಬರಂಗಿಲ್ಲ,
ಕೈಗಿ ಸಿಕ್ಕಷ್ಟು ಮೊಲಕ್ಕ ಕೊಟ್ಟೆ.

ವನಜಕ್ಕನ ಮೊಮ್ಮಗಳು ಸಹಸ್ರಾ, ಮೂರು ವರ್ಷ,
ಕಾಲು ಹಿಡದು ತಲಿಕೆಳಗ ಮಾಡಿ ನೋಡಿದ್ಲು.
ಕುಂದೇಲು, ಅಂತ ಅಜ್ಜಿ.
ಸಸಾ, ಅಂತ ಹಾಲಿನ ಹುಡುಗ.
ಮೊಲ, ಅಂತ ನಾನು.
ಹುಡುಗಿ ಮೂಗಿಗಿ ಹಿಡದು ಮೂಸಿ
ಅಮ್ಮಮ್ಮ, ಅಂತು.
ಉಣ್ಣಿಗೆಲ್ಲಾ ತಂಬಾಕಿನ ವಾಸನಿ.

ಒಂದು ಕಿವಿ ಗಿಡ್ಡ ಆಗ್ಯಾದ,
ಬಿಚ್ಚಿ ಸರಿ ಮಾಡಲೇನ, ಅಂದೆ.
ಕೊಡವಲ್ಲಳು.

ಸ್ವೆಟರಿನ ಇನ್ನೊಂದು ತೋಳು ಹಂಗೇ ಅದ.
ಸೆಟದ ಬೆರಳು ಈಗ ಚೂರು ಬಾಗತಾವ,
ಚಹಾದ ಕಪ್ಪಿನ ಕಿವಿ ಹಿಡಿಯೋವಷ್ಟು.
ಕಪ್ಪು ಕೆಳಗಿಟ್ಟು ಕೇಳಿದೆ:
ಅಕ್ಕಾ, ಉಲಟ ಯಾವಾಗ?