ಕೆಂಪು ನಂಬರ್ ಪ್ಲೇಟು

ಪರದೆ ಆಮೇಲೆ ತೋರಿಸು ತಮ್ಮಾ ಅನುಕೂನ್,
ಮೊದಲು ಒಂದು ಚೊಂಬು ನೀರು ಕೊಡು.
ಕುಡಿಯಲಿಕ್ಕಲ್ಲ.
ಹಿಂದಿನ ತೊಟ್ಟಿಗೆ ಸುರಿದು
ಎಲ್ಲಿಂದ ಹೊರಗೆ ಹೋಗುತ್ತದೆ ನೋಡಬೇಕು.
ಹಳೆಯದರಲ್ಲಿ ಎಡಮೂಲೆಗೆ ನೀರು ನಿಂತು ನಿಂತು
ತಳ ಜರಡಿಯಾಗಿ ರಸ್ತೆ ಕಾಣುತ್ತಿದೆ.

ಯಸೋಥೋನ್ ಪೇಟೆಯಲ್ಲಿ ಹತ್ತೊಂಬತ್ತು ವರ್ಷ
ಐಸು ಹಂಚಿದವಳು ನಾನು.
ಎರಡೂವರೆಗೆ ಕಾರ್ಖಾನೆಯ ಬಾಗಿಲು,
ಮೂರಕ್ಕೆ ಮೀನಿನ ಖಾಮ್‌ಮೂನ್,
ಮೂರೂಕಾಲಿಗೆ ನೂಡಲ್ಸಿನ ಬುವಾಲೈ ಅಜ್ಜಿ.
ತಡವಾದರೆ ಅವಳು ಬೈಯುವುದಿಲ್ಲ, ಸುಮ್ಮನೆ
ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸುತ್ತಾಳೆ.
ಅದಕ್ಕಿಂತ ಬೈಗುಳ ಮೇಲು.

ನೂರೈವತ್ತು ಕುದುರೆಯ ಬಲ ಅನ್ನುತ್ತೀಯ.
ಆಗಲಿ, ಮೇವು ಹಾಕುವವರು ಯಾರು?
ನನ್ನ ದಾರಿ ಮೂವತ್ತೆಂಟು ಕಿಲೋಮೀಟರು,
ಅಷ್ಟರಲ್ಲಿ ನಲವತ್ತಾರು ಸಲ ನಿಲ್ಲಬೇಕು,
ನಲವತ್ತಾರು ಸಲ ಹೊರಡಬೇಕು.
ಓಡುವುದು ಯಾವ ಗಾಡಿಗೂ ಬರುತ್ತದೆ;
ನಿಂತು ಹೊರಡುವುದು ಬರುತ್ತದೆಯೇ ಇದಕ್ಕೆ?

ನನ್ನ ಗಂಡ ವಿಚಿಯನ್ ಆ ಎತ್ತರದ್ದಕ್ಕೆ
ಮೂರು ಪ್ರದಕ್ಷಿಣೆ ಹಾಕಿದ, ನೋಡಿದೆಯಾ.
ನಾಲ್ಕು ಬಾಗಿಲು, ಕಪ್ಪು ಚಕ್ರ,
ಮೂತಿಗೆ ಹುಲಿಹಲ್ಲಿನಂಥ ಜಾಲರಿ.
ಹತ್ತಿ ಕೂತವನೇ ಕನ್ನಡಿಯಲ್ಲಿ ಮೀಸೆ ನೋಡಿಕೊಂಡ.
ನಾನು ಹಿಂದೆ ಹೋಗಿ ನಿಂತೆ.
ಹಲಗೆ ನನ್ನ ಎದೆಗೆ ಬಂತು.
ಹಳೆಯದರ ಹಲಗೆ ಸೊಂಟಕ್ಕೆ:
ಮೂಟೆ ಎಳೆದು, ಸೊಂಟಕ್ಕೆ ಕೊಟ್ಟು,
ಅರ್ಧ ಸುತ್ತು ತಿರುಗಿದರೆ ಮುಗಿಯಿತು.
ಇಪ್ಪತ್ತು ಕಿಲೋ ಐಸನ್ನು ಎದೆಮಟ್ಟದಿಂದ ಇಳಿಸಲು
ನನ್ನ ಬೆನ್ನಿಗೂ ಕೊಡುತ್ತೀಯಾ
ಐದು ವರ್ಷದ ಗ್ಯಾರಂಟಿ ಕಾರ್ಡು?

ಆ ಮೂಲೆಯದು ತೋರಿಸು.
ಹೌದು, ಬಿಳಿಯದೇ, ಯಾರೂ ಪಕ್ಕದಲ್ಲಿ ನಿಂತು
ಫೋಟೋ ತೆಗೆಸಿಕೊಳ್ಳದ್ದು,
ಎರಡು ಬಾಗಿಲು, ಕೈಯಲ್ಲಿ ತಿರುಗಿಸುವ ಗಾಜು.
ಬುಧವಾರ ಹುಟ್ಟಿದವಳಿಗೆ ಹಸಿರೇ ಆಗಬೇಕು ಅಂದಿದ್ದರು ಜೋಯಿಸರು.
‘ಈ ಗಾಡಿ ಹಸಿರು’ ಅಂತ ಹಿಂದುಗಡೆ
ಒಂದು ಚೀಟಿ ಅಂಟಿಸಿದರಾಯಿತು,
ನಮ್ಮ ಕಡೆ ಗ್ರಹಗಳಿಗೂ ಓದು ಬರುತ್ತದೆ.

ನಂಬಿಕಸ್ತ ಗಾಡಿ ಅಂದೆ.
ನಂಬಿಕೆ ಅಂದರೆ ಕೆಡುವುದೇ ಇಲ್ಲ ಅಂತಲ್ಲ ತಮ್ಮಾ.
ಹಳೆಯದೂ ಕೆಡುತ್ತಿತ್ತು,
ಕೆಮ್ಮಿ, ಹೇಳಿ, ಆಮೇಲೆ ಕೆಡುತ್ತಿತ್ತು.
ಬೆಲ್ಟು ಹರಿಯುವ ಎರಡು ದಿನ ಮುಂಚೆಯೇ
ಬಾನೆಟ್ಟಿನೊಳಗೆ ಬೆಕ್ಕಿನ ಮರಿ ಅಳುತ್ತಿತ್ತು.
ಇದು? ಪರದೆಯಲ್ಲಿ ಒಂದು ಹಳದಿ ದೀಪ, ಅಷ್ಟೇ ತಾನೆ?
ಹಳದಿ ಅಂದರೆ ಎಷ್ಟು ಹೊತ್ತು?
ಐಸಿಗೆ ಬಣ್ಣ ತಿಳಿಯುವುದಿಲ್ಲ, ಹೊತ್ತು ತಿಳಿಯುತ್ತದೆ.
ರಾತ್ರಿ ಮೂರಕ್ಕೆ ಕೆಟ್ಟು ನಿಂತರೆ ಯಾರು ಬರುತ್ತಾರೆ?
ಕಂಪನಿಯ ಹೆಸರು ಬೇಡ.
ಬರುವವನ ಹೆಸರು ಹೇಳು.

ನೀನು ತಲೆ ಕೆರೆದುಕೊಂಡೆ.
ಮ್ಯಾನೇಜರ್ ಅತ್ತ ತಿರುಗಿದಾಗ
ನಿನ್ನದೇ ನಂಬರನ್ನು ಬೆಲೆಪಟ್ಟಿಯ ಅಂಚಿನಲ್ಲಿ ಬರೆದೆ.
ವ್ಯಾಪಾರ ಕುದುರಿದ್ದು ಅಲ್ಲಿ, ನಿನಗೆ ಗೊತ್ತಾಗಲಿಲ್ಲ.

ಆದರೆ ಒಂದು ಮಾತು ನೀನು ಹೇಳದೆ ಬಿಟ್ಟೆ.
ಭಿಕ್ಷುಗಳು ಬಂದು ಚಾವಣಿಗೆ ಬಿಳಿ ಬೊಟ್ಟಿಟ್ಟರು,
ಕನ್ನಡಿಗೆ ಮಲ್ಲಿಗೆ ಸರ ತೂಗಿತು,
ರಾತ್ರಿ ಎರಡಕ್ಕೆ ಎದ್ದು ಕೀಲಿ ತೆಗೆದುಕೊಂಡರೆ
ವಿಚಿಯನ್ ಮಗ್ಗುಲು ಬದಲಿಸುತ್ತ ಅಂದ:
ಕೆಂಪು ಪ್ಲೇಟಿನ ಗಾಡಿ
ಕತ್ತಲಲ್ಲಿ ರಸ್ತೆಗೆ ಇಳಿಯುವಂತಿಲ್ಲ.
ಕಾಯಂ ನಂಬರು ಬರಬೇಕು, ತಿಂಗಳೋ ಎರಡೋ.

ಸೀಟಿನ ಪ್ಲಾಸ್ಟಿಕ್ಕೂ ತೆಗೆಯದ ಹೊಸದು
ತಗಡಿನ ಮಾಡಿನ ಕೆಳಗೆ ಮಲಗಿತ್ತು.
ಮಾರಲಿಕ್ಕೆಂದು ತೊಳೆದಿಟ್ಟ ಹಳೆಯದು
ಮೂರನೇ ಸಲಕ್ಕೆ ಹೊತ್ತಿಕೊಂಡಿತು.
ಅದರ ನಡುಕಕ್ಕೆ ಹೊಸದು ಬೆಚ್ಚಿ
ಕಣ್ಣು ಪಿಳುಕಿಸುತ್ತ ಕಿರುಚಿತು, ಕಿರುಚುತ್ತಲೇ ಇತ್ತು,
ಬೀದಿಯ ನಾಯಿಗಳೆಲ್ಲ ಎದ್ದವು.
ಬಾಯಿ ಮುಚ್ಚಿಸುವ ಗುಂಡಿ ಯಾವುದೋ ಕಾಣೆ.
ಬೆಲೆಪಟ್ಟಿ ಹುಡುಕಿ, ಆ ನಂಬರಿಗೆ ಮಾಡಿದೆ,
ಎರಡು ಗಂಟೆ ಹನ್ನೆರಡು ನಿಮಿಷ.

ನೀನು ಎತ್ತಿದೆ.